ಕಿಡಿಗೊಂದು ಮುಹೂರ್ತ

ನಮ್ಮಪ್ಪ ರೈಲಿಗೆಂದು ಮನೆ ಬಿಡುವ ಹೊತ್ತಿಗೆ ಆ ರೈಲು ಇನ್ನೂ ತನ್ನ ಊರಿನಲ್ಲಿ ಮೈ ತೊಳೆಸಿಕೊಳ್ಳುತ್ತಿರುತ್ತದೆ. ಅರಸೀಕೆರೆ ಜಂಕ್ಷನ್ನಿಗೆ ನಮ್ಮ ಮನೆಯಿಂದ ನಡೆದರೆ ಹನ್ನೆರಡು ನಿಮಿಷ. ಆರೂಕಾಲರ ಗಾಡಿಗೆ ಅಪ್ಪ ನಾಲ್ಕೂವರೆಗೇ ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ, ತೊಡೆಯ ಮೇಲೆ ಚೀಲ ಇಟ್ಟುಕೊಂಡು, ಹಳಿಯನ್ನೇ ನೋಡುತ್ತ ಕೂತಿರುತ್ತಿದ್ದರು. ನಾನು ಇದಕ್ಕೆ ತದ್ವಿರುದ್ಧ. ಗಾರ್ಡು ಹಸಿರು ಬಾವುಟ ಬೀಸಿದ ಮೇಲೇ ಟಿಕೆಟ್ಟು ಯಾವ ಜೇಬಿನಲ್ಲಿದೆ ಎಂಬ ಯೋಚನೆ ನನಗೆ ಹುಟ್ಟುವುದು. ಅಪ್ಪ ಮಗ ಒಟ್ಟಿಗೆ ಎಲ್ಲಿಗಾದರೂ ಹೊರಟರೆ ಅಮ್ಮ ದೇವರಿಗೆ ಎರಡು ದೀಪ ಹಚ್ಚುತ್ತಿದ್ದಳು. ಒಂದು ಪ್ರಯಾಣ ಸುಖವಾಗಲೆಂದು, ಇನ್ನೊಂದು ಹೊಸ್ತಿಲು ದಾಟುವವರೆಗಾದರೂ ಜಗಳವಾಗದಿರಲೆಂದು.

ಈ ವ್ಯತ್ಯಾಸಕ್ಕೆ ಮೊದಲ ಸಲ ಶಾಸ್ತ್ರೀಯವಾಗಿ ಹೆಸರಿಟ್ಟವರು ಬಿ.ಎಚ್. ರಸ್ತೆಯ ಹೊಂಗೆಮರದ ಕೆಳಗಿನ ಕಾರು ಮೇಸ್ತ್ರಿ. "ಯಜಮಾನ್ರದ್ದು ಅಡ್ವಾನ್ಸು, ನಿಮ್ದು ರಿಟಾರ್ಡು. ಇಬ್ರನ್ನೂ ಒಂದೇ ಎಂಜಿನ್ನಿಗೆ ಹಾಕಿದ್ರೆ ಗಾಡಿ ಸ್ಟಾರ್ಟೇ ಆಗಾಕಿಲ್ಲ" ಎಂದಿದ್ದರು. ಆ ಮಾತು ಬಂದ ಸಂದರ್ಭ ನನಗೆ ಅಷ್ಟು ಹೆಮ್ಮೆಯದಲ್ಲ. ಆದರೂ ಹೇಳಿಬಿಡುತ್ತೇನೆ.

ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಅಪ್ಪ ಇಪ್ಪತ್ತು ವರ್ಷದ ಉಳಿತಾಯ ಸುರಿದು ಒಂದು ಕಾರು ಕೊಂಡಿದ್ದರು. ಅದಕ್ಕೆ ನಾವು ಮೂರನೆಯ ಮನೆಯವರು. ಯಾವ ಕಂಪನಿಯದೆಂದು ಹೇಳುವುದಿಲ್ಲ. ವಯಸ್ಸಾದವರ ಕಾಯಿಲೆಗೆ ಹೆತ್ತವರ ಹೆಸರು ಎಳೆಯಬಾರದು. ಬಾನೆಟ್ಟು ಎತ್ತಿದರೆ ಎಂಜಿನ್ನಿನ ಮಗ್ಗುಲಲ್ಲಿ ಐದು ವೈರು ಕೆದರಿಕೊಂಡ ಕರಿಯ ಟೋಪಿಯೊಂದು ಕಾಣುತ್ತಿತ್ತು. ನಾಲ್ಕು ವೈರು ನಾಲ್ಕು ಪ್ಲಗ್ಗಿಗೆ, ನಡುವಿನದು ಕಾಯಿಲ್ಲಿಗೆ. ಅದೇ ಡಿಸ್ಟ್ರಿಬ್ಯೂಟರು. ಒಂದು ಭಾನುವಾರ ಅಪ್ಪ ಊಟ ಮಾಡಿ ಮಲಗಿದ್ದಾಗ, "ಪಿಕಪ್ಪೇ ಇಲ್ಲ" ಎಂಬ ಅವರ ನಿತ್ಯದ ದೂರು ನೀಗಿಸಿ ಮೆಚ್ಚುಗೆ ಗಳಿಸೋಣವೆಂದು, ಡಿಸ್ಟ್ರಿಬ್ಯೂಟರಿನ ಬುಡದ ನಟ್ಟು ಸಡಿಲಿಸಿ ಅದರ ಕತ್ತನ್ನು ಒಂದಿಷ್ಟು ತಿರುವಿದೆ. ಎಷ್ಟು ಎಂದರೆ ಕಣ್ಣಳತೆ. ಬ್ಯಾಟರಿಗೆ ಸ್ಟಾರ್ಟರು ತಿರುಗಿಸುವಷ್ಟು ಜೀವವಿಲ್ಲದ್ದರಿಂದ ಮುಂದೆ ಹೋಗಿ ಹ್ಯಾಂಡಲು ಹಾಕಿ ಎಳೆದೆ. ಎಂಜಿನ್ನು ನಾನು ಎಳೆದ ಕಡೆಗೆ ತಿರುಗದೆ 'ಡಬ್' ಎಂದು ಹಿಂದಕ್ಕೆ ಒದೆಯಿತು. ಹ್ಯಾಂಡಲು ನನ್ನ ಮಣಿಕಟ್ಟನ್ನು ಉಳುಕಿಸಿ, ಅಂಗಳದ ತುಳಸಿಕಟ್ಟೆಯವರೆಗೂ ನನ್ನನ್ನು ಕಳಿಸಿಕೊಟ್ಟಿತು. ಹದಿನೈದು ದಿನ ಅಮ್ಮ ಕಲಸಿ ಬಾಯಿಗಿಟ್ಟ ತುತ್ತನ್ನು ಉಂಡೆ.

ಮೇಸ್ತ್ರಿ ಬಂದು ನೋಡಿ ನಕ್ಕರು. "ಕಿಡೀನ ಬಾಳ ಬೇಗ ಕರೆದುಬಿಟ್ಟಿದೀರಾ. ಪಿಸ್ಟನ್ನು ಇನ್ನೂ ಮೆಟ್ಲು ಹತ್ತುತಾ ಐತೆ, ಆಗ್ಲೇ ಮೇಲಿಂದ ಬೆಂಕಿ ಹಾಕಿ ತಳ್ಳಿದ್ರೆ? ಕೆಳಕ್ಕೇ ಬೀಳ್ತದೆ."

ನನ್ನದೇನೂ ಹೊಸ ಅಪರಾಧವಲ್ಲವೆಂದು ಆಮೇಲೆ ಓದಿ ಸಮಾಧಾನಪಟ್ಟುಕೊಂಡೆ. ಅಮೆರಿಕದಲ್ಲಿ 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಸ್ಟೀರಿಂಗಿನ ಕೆಳಗೆ ಎಡಗಡೆಗೆ ಒಂದು ಕಡ್ಡಿ ಇರುತ್ತಿತ್ತು. ಕಿಡಿಯನ್ನು ಹಿಂದುಮುಂದು ಮಾಡುವ ಹೊಣೆ ಓಡಿಸುವವನದೇ. ಹ್ಯಾಂಡಲು ಎಳೆಯುವ ಮುಂಚೆ ಆ ಕಡ್ಡಿಯನ್ನು ಹಿಂದಕ್ಕೆ ಸರಿಸಲು ಮರೆತವರು ಮಣಿಕಟ್ಟು ಮುರಿದುಕೊಳ್ಳುತ್ತಿದ್ದರಂತೆ. ನನ್ನದು ಉಳುಕಿದ್ದಷ್ಟೇ. ಪರಂಪರೆಯಲ್ಲಿ ನಾನು ಕೊನೆಯ ಸಾಲಿನವನು.

ಕಿಡಿಯನ್ನು ಮುಂಚೆ ಕರೆಯುವ ಅಗತ್ಯವಾದರೂ ಏನು? ಪಿಸ್ಟನ್ನು ತುದಿ ತಲುಪಿದ ಮೇಲೆ ಹಚ್ಚಿದರಾಗದೆ? ಸೌದೆ ಒಲೆಯ ಮುಂದೆ ಕೂತು ಕೆಮ್ಮಿದವರಿಗೆ ಇದು ಹೇಳದೆಯೇ ಗೊತ್ತು: ಬೆಂಕಿ ಹತ್ತುವುದು ಬೇರೆ, ಉರಿ ಹಬ್ಬುವುದು ಬೇರೆ. ಸಿಲಿಂಡರಿನೊಳಗೆ ಕಿಡಿ ಹಾರಿದ ಮೇಲೆ ಪೆಟ್ರೋಲು ಗಾಳಿಯೆಲ್ಲ ಉರಿದು ಒತ್ತಡ ಏರಲು ಸುಮಾರು 2 ಮಿಲಿಸೆಕೆಂಡು ಬೇಕು. ಪಿಸ್ಟನ್ನು ತುದಿ ಮುಟ್ಟಿ ಇಳಿಯಲು ಶುರುಮಾಡಿ ಕ್ರ್ಯಾಂಕು ಹತ್ತು ಹದಿನೈದು ಡಿಗ್ರಿ ತಿರುಗಿದಾಗ ಆ ಒತ್ತಡ ಶಿಖರಕ್ಕೆ ಬಂದರೆ ತಳ್ಳಿದ್ದು ಸಾರ್ಥಕ. ಉಯ್ಯಾಲೆ ತೂಗುವವರು ತಳ್ಳುವ ಹೊತ್ತು ಅದು. ಹಾಗಾಗಬೇಕೆಂದರೆ ಕಿಡಿ ತುದಿಗೆ ಮುಂಚೆಯೇ ಹಾರಬೇಕು. ಎಂಜಿನ್ನು ಸುಮ್ಮನೆ ಗುರುಗುಟ್ಟುತ್ತಿರುವಾಗ ಹತ್ತು ಡಿಗ್ರಿ ಮುಂಚೆ ಸಾಕು. ನಿಮಿಷಕ್ಕೆ 3000 ಸುತ್ತು ಬಂತೆನ್ನಿ, ಒಂದು ಸುತ್ತಿಗೆ 20 ಮಿಲಿಸೆಕೆಂಡು ಮಾತ್ರ. 2 ಮಿಲಿಸೆಕೆಂಡಿನಲ್ಲಿ ಕ್ರ್ಯಾಂಕು 36 ಡಿಗ್ರಿ ತಿರುಗಿಬಿಟ್ಟಿರುತ್ತದೆ. ವೇಗ ಹೆಚ್ಚಿದಂತೆ ಒಳಗಿನ ಗಾಳಿಯ ಸುಳಿಯೂ ಹೆಚ್ಚಿ ಉರಿ ಕೊಂಚ ಬೇಗ ಹಬ್ಬುತ್ತದೆನ್ನುವುದು ನಿಜ. ಆದರೂ ಅವಸರ ಹೆಚ್ಚಿದಷ್ಟೂ ಮುಂಚೆ ಹೊರಡಬೇಕೆಂಬ ಅಪ್ಪನ ಸಿದ್ಧಾಂತಕ್ಕೆ ಎಂಜಿನ್ನಿನೊಳಗೆ ಆಧಾರವಿದೆ ಎಂದು ಒಪ್ಪದೆ ವಿಧಿಯಿಲ್ಲ.

ಇನ್ನು ಆ ಕಿಡಿ ಹುಟ್ಟುವ ಬಗೆ. ಬ್ಯಾಟರಿಯಲ್ಲಿರುವುದು 12 ವೋಲ್ಟು. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಲು ಬೇಕಾದದ್ದು ಹತ್ತಿಪ್ಪತ್ತು ಸಾವಿರ. ಪ್ಲಗ್ಗು ಎಂದಾಗ ನನ್ನ ವಯಸ್ಸಿನವರಿಗೆ ಬೆಂಗಳೂರಿನ ಆಡುಗೋಡಿಯ ಮೈಕೊ ನೆನಪಾಗುತ್ತದೆ. 1951ರಲ್ಲಿ ಶುರುವಾದ ಆ ಕಂಪನಿಯ ಹೆಸರು ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಇರುತ್ತಿತ್ತು. ನಾವು ಹುಡುಗರು ಹಳೇ ಪ್ಲಗ್ಗುಗಳನ್ನು ಲಿಂಗದಂತೆ ಸಾಲಾಗಿ ನಿಲ್ಲಿಸಿ ಪೂಜೆಯಾಟ ಆಡಿದ್ದೇವೆ. ಇರಲಿ. ಬ್ಯಾಟರಿಯ ಅಲ್ಪ ವೋಲ್ಟನ್ನು ಸಾವಿರಗಟ್ಟಲೆಗೆ ಏರಿಸುವ ಯುಕ್ತಿಯನ್ನು 1910ರ ಹೊತ್ತಿಗೆ ಕ್ಯಾಡಿಲಾಕ್ ಕಾರುಗಳಲ್ಲಿ ನೆಲೆಗೊಳಿಸಿದವನು ಓಹಾಯೋದ ಡೇಟನ್ ಊರಿನ ಚಾರ್ಲ್ಸ್ ಕೆಟರಿಂಗ್. ಕಾಯಿಲ್ಲಿನಲ್ಲಿ ದಪ್ಪ ತಂತಿಯ ಕೆಲವು ನೂರು ಸುತ್ತು, ಅದರ ಜೊತೆಗೆ ಕೂದಲೆಳೆಯಂಥ ತಂತಿಯ ನೂರು ಪಟ್ಟು ಸುತ್ತು. ದಪ್ಪ ತಂತಿಗೆ ಕರೆಂಟು ಕೊಟ್ಟರೆ ಸುತ್ತ ಕಾಂತಕ್ಷೇತ್ರ ಕಟ್ಟಿಕೊಳ್ಳುತ್ತದೆ. ಕಿಡಿ ಬರುವುದು ಆಗಲ್ಲ. ಕರೆಂಟನ್ನು ತಟ್ಟನೆ ಕಡಿದಾಗ! ಮಗುವಿನ ಕೈಗೆ ಆಟಿಕೆ ಕೊಟ್ಟಾಗ ಅದು ಸುಮ್ಮನಿರುತ್ತದೆ. ಕೈ ತುಂಬಿದ ಮೇಲೆ ಗಬಕ್ಕನೆ ಕಿತ್ತುಕೊಂಡು ನೋಡಿ, ಆಗ ಮೂರು ಮನೆಗೆ ಕೇಳುವಂತೆ ಕಿರಿಚುತ್ತದೆ. ಕಾಯಿಲ್ಲು ಕಿರಿಚುವ ಆ ಕಿರಿಚಾಟವೇ ಕಿಡಿ. ಕಾಂತಕ್ಷೇತ್ರ ಒಮ್ಮೆಲೇ ಕುಸಿದು ದಪ್ಪ ತಂತಿಯಲ್ಲಿ ಇನ್ನೂರು ಮುನ್ನೂರು ವೋಲ್ಟು ಏಳುತ್ತದೆ, ಸಣ್ಣ ತಂತಿಯಲ್ಲಿ ಅದರ ನೂರು ಪಟ್ಟು.

ಈ ಕಿತ್ತುಕೊಳ್ಳುವ ಕೆಲಸ ಮಾಡುತ್ತಿದ್ದದ್ದು ಪಾಯಿಂಟು. ಅಂಬಾಸಡರ್, ಪದ್ಮಿನಿಗಳ ಕಾಲದ ಎಲ್ಲರಿಗೂ ಅದು ಪರಿಚಿತ. ಎರಡು ಲೋಹದ ಬೊಟ್ಟು, ನಡುವೆ ತೆರೆದಾಗ ಅರ್ಧ ಮಿಲಿಮೀಟರಿಗೂ ಕಡಿಮೆ ಸಂದು. ನಾಲ್ಕು ಮೂಲೆಯ ಕ್ಯಾಮು ತಿರುಗುತ್ತ ಅವನ್ನು ತೆರೆಯುತ್ತದೆ, ಮುಚ್ಚುತ್ತದೆ. 3000 ಸುತ್ತಿನಲ್ಲಿ ಸೆಕೆಂಡಿಗೆ ನೂರು ಸಲ. ಅಷ್ಟು ಸಲ ಕಣ್ಣು ಮಿಟುಕಿಸಿದರೆ ಯಾರ ರೆಪ್ಪೆ ಉಳಿದೀತು? ಬೊಟ್ಟು ಸುಟ್ಟು ಗುಳಿ ಬೀಳುತ್ತಿತ್ತು, ಕ್ಯಾಮಿಗೆ ತಾಗುವ ತುಂಡು ಸವೆದು ಸಂದು ಕಿರಿದಾಗುತ್ತಿತ್ತು, ಅದರೊಡನೆ ಟೈಮಿಂಗೂ ಜಾರುತ್ತಿತ್ತು. ಗಾಡಿ 'ಮಿಸ್ ಹೊಡೆಯುತ್ತೆ' ಎಂದು ಮೇಸ್ತ್ರಿಯ ಬಳಿಗೆ ಹೋದರೆ ಅವರು ಉಪ್ಪುಕಾಗದದಿಂದ ಬೊಟ್ಟು ಉಜ್ಜಿ, ಗೇಜು ಕಳೆದುಹೋಗಿದ್ದರೆ ಯಾರದೋ ಮದುವೆ ಕರೆಯೋಲೆಯ ದಪ್ಪ ರಟ್ಟಿನ ಚೂರನ್ನು ಸಂದಿನಲ್ಲಿ ತೂರಿಸಿ ನೋಡುತ್ತಿದ್ದರು. ಆಮೇಲೆ ಪಾಯಿಂಟಿನ ವೈರಿಗೆ 12 ವೋಲ್ಟಿನ ಪುಟ್ಟ ಬಲ್ಬೊಂದನ್ನು ಸಿಕ್ಕಿಸಿ, ಎಂಜಿನ್ನನ್ನು ಕೈಯಿಂದ ಮೆಲ್ಲಗೆ ತಿರುಗಿಸುವರು. ಪುಲ್ಲಿಯ ಮೇಲಿನ ಗೀಟು ಎಂಜಿನ್ನಿನ ಗುರುತಿಗೆ ಎದುರಾದ ಕ್ಷಣವೇ ಬಲ್ಬು ಹತ್ತಬೇಕು. ಹತ್ತಿದರೆ "ಕೂತ್ಕಂತು" ಎನ್ನುವರು. ಟೈಮಿಂಗ್ ಕೂರುವುದು, ಲಗ್ನ ಕೂಡಿಬರುವುದು ಎರಡಕ್ಕೂ ಅವರ ದನಿ ಒಂದೇ.

ಮೇಸ್ತ್ರಿ ಕೂರಿಸುತ್ತಿದ್ದುದು ಮೊದಲ ಹತ್ತು ಡಿಗ್ರಿ ಮಾತ್ರ. ಓಡುವಾಗ ಮಿಕ್ಕದ್ದನ್ನು ಸೇರಿಸಲು ಡಿಸ್ಟ್ರಿಬ್ಯೂಟರಿನ ಹೊಟ್ಟೆಯಲ್ಲಿ ಎರಡು ತೂಕದ ತುಂಡು, ಎರಡು ಸ್ಪ್ರಿಂಗು. ವೇಗ ಹೆಚ್ಚಿದರೆ ತುಂಡುಗಳು ಬುಗುರಿಯಂತೆ ಸುತ್ತುವ ಹುಡುಗಿಯ ಲಂಗದ ಹಾಗೆ ಹೊರಕ್ಕೆ ಹರಡಿ ಕ್ಯಾಮನ್ನು ಮುಂದಕ್ಕೆ ತಿರುವುತ್ತಿದ್ದವು. ಪಕ್ಕದಲ್ಲಿ ರಬ್ಬರ್ ಪರದೆಯ ಡಬ್ಬಿ: ಕಾಲು ಸಡಿಲಬಿಟ್ಟು ಆರಾಮಾಗಿ ಸಾಗುವಾಗ ಎಂಜಿನ್ನಿಗೆ ಹೋಗುವ ಗಾಳಿ ಪೆಟ್ರೋಲು ತೆಳುವಾಗಿ, ಉರಿ ನಿಧಾನವಾಗುತ್ತದೆ, ಆಗ ಎಂಜಿನ್ನು ಉಸಿರೆಳೆಯುವ ನಿರ್ವಾತವೇ ಪರದೆಯನ್ನು ಎಳೆದು ಕಿಡಿಯನ್ನು ಇನ್ನಷ್ಟು ಮುಂಚೆ ತರುತ್ತಿತ್ತು. ಒಂದು ಅಕ್ಷರ ಓದದ ಸ್ಪ್ರಿಂಗು ರಬ್ಬರುಗಳೇ ಈ ಲೆಕ್ಕವನ್ನೆಲ್ಲ ಮಾಡುತ್ತಿದ್ದವು. ಸ್ಪ್ರಿಂಗಿಗೆ ವಯಸ್ಸಾಗಿ ಸಡಿಲಾದರೆ, ರಬ್ಬರು ಹರಿದರೆ, ಲೆಕ್ಕವೂ ಸಡಿಲ.

ಪಾಯಿಂಟಿಗೆ ಇನ್ನೊಂದು ರೋಗವಿತ್ತು. ಅದು ಮುಚ್ಚಿಕೊಂಡಿರುವಷ್ಟು ಹೊತ್ತು ಮಾತ್ರ ಕಾಯಿಲ್ಲು ತುಂಬುತ್ತದೆ. ಮೇಸ್ತ್ರಿಗಳ ಭಾಷೆಯಲ್ಲಿ ಅದು ಡ್ವೆಲ್ಲು. ಪಾಯಿಂಟು ಅಳೆಯುತ್ತಿದ್ದುದು ಕೋನವನ್ನು, ಕಾಲವನ್ನಲ್ಲ. ಡಿಸ್ಟ್ರಿಬ್ಯೂಟರಿನ ಸುತ್ತಿನಲ್ಲಿ ಸುಮಾರು 60 ಡಿಗ್ರಿ ಮುಚ್ಚಿರಬೇಕೆಂದರೆ 60 ಡಿಗ್ರಿ, ಬೆಳಗಾಗಲಿ ಬೈಗಾಗಲಿ. ಎಂಜಿನ್ನು 800 ಸುತ್ತಿನಲ್ಲಿ ತೂಕಡಿಸುವಾಗ ಅದು 25 ಮಿಲಿಸೆಕೆಂಡು; ಕಾಯಿಲ್ಲು ತುಂಬಿದ ಮೇಲೂ ಕರೆಂಟು ಹರಿಯುತ್ತ ಸುಮ್ಮನೆ ಬಿಸಿ. 6000ಕ್ಕೆ ಹೋದರೆ ಮೂರು ಚಿಲ್ಲರೆ ಮಿಲಿಸೆಕೆಂಡು. ಲೋಟ ತುಂಬುವ ಮುಂಚೆ ನಲ್ಲಿ ನಿಂತಂತೆ. ಕಿಡಿ ಬೇಕೇಬೇಕಾದ ಹೊತ್ತಿನಲ್ಲೇ ಕಿಡಿ ಬಡವಾಗುತ್ತಿತ್ತು.

ಇದಕ್ಕೆಲ್ಲ ಮದ್ದಾಗಿ ಬಂದದ್ದು ಎಲೆಕ್ಟ್ರಾನಿಕ್ ಇಗ್ನಿಷನ್. ಅಮೆರಿಕದ ಕ್ರೈಸ್ಲರ್ ಕಂಪನಿ 1973ರ ಹೊತ್ತಿಗೆ ತನ್ನ ಕಾರುಗಳಿಗೆಲ್ಲ ಅದನ್ನು ಕೂರಿಸಿಯೇ ಮಾರುತ್ತಿತ್ತು. ನಮ್ಮ ಮನೆಗೆ ಬಂದದ್ದು ಎಷ್ಟೋ ವರ್ಷದ ಮೇಲೆ, ಮೇಸ್ತ್ರಿ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದ ಕಿಟ್ಟಿನ ರೂಪದಲ್ಲಿ. ಪಾಯಿಂಟಿನ ಜಾಗದಲ್ಲಿ ಒಂದು ಹಾಲ್ ಸೆನ್ಸರು. 1879ರಲ್ಲಿ ಎಡ್ವಿನ್ ಹಾಲ್ ಎಂಬ ವಿದ್ಯಾರ್ಥಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಚಿನ್ನದ ತೆಳು ರೇಕಿನಲ್ಲಿ ಕರೆಂಟು ಹರಿಸಿ, ಅಡ್ಡಲಾಗಿ ಅಯಸ್ಕಾಂತ ಹಿಡಿದರೆ, ರೇಕಿನ ಮಗ್ಗುಲಲ್ಲಿ ಚಿಟಿಕೆ ವೋಲ್ಟೇಜು ಹುಟ್ಟುವುದನ್ನು ಕಂಡಿದ್ದ. ಕಾರ್ಲ್ ಬೆಂಜ್ ತನ್ನ ಮೊದಲ ಕಾರಿಗೆ ಪೇಟೆಂಟು ಪಡೆದದ್ದು 1886ರಲ್ಲಿ. ಅಂದರೆ ಕಾರಿನ ಸೆನ್ಸರು ಕಾರಿಗಿಂತ ಏಳು ವರ್ಷ ಮುಂಚೆಯೇ ಪ್ಲಾಟ್‌ಫಾರ್ಮಿಗೆ ಬಂದು ಕೂತಿತ್ತು. ಅಪ್ಪನ ಜಾತಿಯದು!

ಕಿಟ್ಟಿನ ಒಳಗುಟ್ಟು ಸರಳ. ಕ್ಯಾಮಿನ ಬದಲು ಕಿಂಡಿಗಳಿರುವ ಒಂದು ಲೋಹದ ಬಟ್ಟಲು ತಿರುಗುತ್ತದೆ. ಅದರ ಗೋಡೆ ಸೆನ್ಸರಿಗೂ ಅಯಸ್ಕಾಂತಕ್ಕೂ ನಡುವೆ ಬಂದರೆ ಸೆನ್ಸರು ಕಣ್ಣು ಮುಚ್ಚುತ್ತದೆ, ಕಿಂಡಿ ಬಂದರೆ ತೆರೆಯುತ್ತದೆ. ಆ ಸನ್ನೆಯನ್ನು ಕಂಡು ಟ್ರಾನ್ಸಿಸ್ಟರು ಕಾಯಿಲ್ಲಿನ ಕರೆಂಟನ್ನು ಕಡಿಯುತ್ತದೆ. ತಾಗುವುದಿಲ್ಲ, ಸವೆಯುವುದಿಲ್ಲ, ಸುಡುವುದಿಲ್ಲ. ಎಲ್ಲವನ್ನೂ ಕರಿ ಅಂಟಿನಲ್ಲಿ ಹುದುಗಿಸಿದ ಬೆಂಕಿಪೆಟ್ಟಿಗೆ ಗಾತ್ರದ ಡಬ್ಬಿ. ಮೇಸ್ತ್ರಿ ಕೂರಿಸಿದ ಮೇಲೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಬಿಚ್ಚೋಕೆ ಏನೂ ಇಲ್ಲ ಸ್ವಾಮಿ ಇದ್ರಲ್ಲಿ" ಎಂದರು. ಮಗಳು ಚೆನ್ನಾಗಿದ್ದಾಳೆ, ಆದರೆ ತವರಿಗೆ ಬರುವುದಿಲ್ಲ ಎನ್ನುವ ತಂದೆಯ ದನಿ.

ಈಗ ನಾನು ಓಡಿಸುವ ಕಾರಿನಲ್ಲಿ ಡಿಸ್ಟ್ರಿಬ್ಯೂಟರೇ ಇಲ್ಲ. ಪ್ರತಿ ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲ್ಲು, ಎಲ್ಲಕ್ಕೂ ಯಜಮಾನ ಇಸಿಯು ಎಂಬ ಪೆಟ್ಟಿಗೆ. 1979ರಲ್ಲಿ ಬಾಷ್ ಕಂಪನಿ ಮೋಟ್ರಾನಿಕ್ ಎಂಬ ಹೆಸರಿನಲ್ಲಿ ಬಿಎಂಡಬ್ಲ್ಯು ಕಾರೊಂದಕ್ಕೆ ಪೆಟ್ರೋಲು, ಕಿಡಿ ಎರಡನ್ನೂ ನೋಡಿಕೊಳ್ಳುವ ಒಂದೇ ಪೆಟ್ಟಿಗೆ ಕೂರಿಸಿತ್ತು. ಆ ವಂಶ ಈಗ ಬೀದಿ ಬೀದಿಯಲ್ಲಿದೆ. ಈ ಯಜಮಾನನಿಗೆ ಪಿಸ್ಟನ್ನು ಎಲ್ಲಿದೆಯೆಂದು ತಿಳಿಯುವುದು ಹಲ್ಲು ಎಣಿಸಿ. ಕ್ರ್ಯಾಂಕಿನ ತುದಿಯ ಚಕ್ರದಲ್ಲಿ 6 ಡಿಗ್ರಿಗೊಂದರಂತೆ 60 ಹಲ್ಲಿಗೆ ಜಾಗ, ಇರುವುದು ಮಾತ್ರ 58. ಎರಡು ಹಲ್ಲನ್ನು ಬೇಕೆಂದೇ ಬೋಡು ಮಾಡಿರುತ್ತಾರೆ. ಟಕಟಕನೆ ಹಲ್ಲು ದಾಟುವಾಗ ನಡುವೆ ಒಂದು ಬೋಳು ಜಾಗ ಬಂತೋ, 'ಓಹೋ, ಸುತ್ತು ಇಲ್ಲಿಂದ ಶುರು' ಎಂದು ಇಸಿಯುಗೆ ಗುರುತು ಸಿಗುತ್ತದೆ. ನಮ್ಮಜ್ಜಿ ಬೊಚ್ಚುಬಾಯಿಯ ಫೋಟೋ ತೋರಿಸಿ "ಇದು ನಿಮ್ಮತ್ತೆ ಮದುವೆಗೆ ಮುಂಚೆ, ಇದು ಆಮೇಲೆ" ಎಂದು ಕಾಲ ಹೇಳುತ್ತಿದ್ದದ್ದು ಇದೇ ವಿಧಾನದಲ್ಲಿ. ಎಂಜಿನ್ನು 3000ದಲ್ಲಿರುವಾಗ ಒಂದು ಡಿಗ್ರಿ ಅಂದರೆ 55 ಮೈಕ್ರೊಸೆಕೆಂಡು ಚಿಲ್ಲರೆ. ಹಲ್ಲು ಹಲ್ಲಿನ ನಡುವಿನ ಆ ಆರು ಡಿಗ್ರಿಯನ್ನು ಗಡಿಯಾರದಿಂದ ತುಂಡರಿಸಿ ಕಿಡಿಯ ಕ್ಷಣ ಗೊತ್ತುಮಾಡುತ್ತದೆ.

ಎಷ್ಟು ಡಿಗ್ರಿ ಮುಂಚೆ ಎಂಬುದನ್ನು ಅದು ಕೂತು ಚಿಂತಿಸುವುದಿಲ್ಲ. ಪಂಚಾಂಗ ನೋಡುತ್ತದೆ! ಒಂಟಿಕೊಪ್ಪಲ್ ಪಂಚಾಂಗದಲ್ಲಿ ತಿಥಿ ನಕ್ಷತ್ರ ಮೊದಲೇ ಗುಣಿಸಿ ಅಚ್ಚು ಹಾಕಿರುವಂತೆ, ಕಾರ್ಖಾನೆಯವರು ತಿಂಗಳುಗಟ್ಟಲೆ ಎಂಜಿನ್ನು ಓಡಿಸಿ ನೋಡಿ ಒಂದು ಕೋಷ್ಟಕ ತುಂಬಿಟ್ಟಿರುತ್ತಾರೆ. ಅಡ್ಡಸಾಲಿನಲ್ಲಿ ಸುತ್ತಿನ ವೇಗ, ಉದ್ದಸಾಲಿನಲ್ಲಿ ಎಂಜಿನ್ನಿನ ಹೊರೆ, ಮನೆಮನೆಯಲ್ಲಿ ಡಿಗ್ರಿ. ಎರಡು ಮನೆಯ ನಡುವೆ ಬಿದ್ದರೆ ಅಂದಾಜು ಕಟ್ಟುವುದು. ಎಂಜಿನ್ನು ತಣ್ಣಗಿದೆಯೇ, ಎಳೆದುಕೊಂಡ ಗಾಳಿ ಬಿಸಿಯೇ, ಅದಕ್ಕೊಂದಿಷ್ಟು ಕೂಡುವುದು ಕಳೆಯುವುದು. ಪುರೋಹಿತರು "ಸ್ಥಳೀಯ ಸೂರ್ಯೋದಯಕ್ಕೆ ನಾಲ್ಕು ನಿಮಿಷ ಸೇರಿಸಿಕೊಳ್ಳಿ" ಎನ್ನುವ ಹಾಗೆ.

ಪಂಚಾಂಗ ತಪ್ಪಿದರೆ? ಪೆಟ್ರೋಲು ಕಳಪೆಯಾಗಿದ್ದರೆ? ಆಗ ಕಿಡಿಯ ಉರಿ ತಲುಪುವ ಮುಂಚೆಯೇ ಮೂಲೆಯಲ್ಲಿದ್ದ ಅನಿಲ ಒತ್ತಡಕ್ಕೆ ತಾನೇ ಸಿಡಿಯುತ್ತದೆ. ಗಟ್ಟಿಮೇಳಕ್ಕೆ ಮುಂಚೆ ಯಾವುದೋ ಡೋಲಿನ ಸದ್ದು ಕೇಳಿ ಹಿಂದಿನ ಸಾಲಿನಿಂದ ಅಕ್ಷತೆ ಎಸೆಯುವ ನೆಂಟರಿದ್ದಾರಲ್ಲ, ಹಾಗೆ. ಎಂಜಿನ್ನಿನೊಳಗೆ ಗೋಲಿ ಅಲ್ಲಾಡಿಸಿದ ಸದ್ದು; ಅದೇ ನಾಕಿಂಗ್. ಹಿಂದೆ ಅದನ್ನು ಕೇಳಿಸಿಕೊಳ್ಳುತ್ತಿದ್ದದ್ದು ಮೇಸ್ತ್ರಿಯ ಕಿವಿ. ಈಗ ಎಂಜಿನ್ನಿನ ಗೋಡೆಗೆ ಬಿಗಿದ ನಾಕ್ ಸೆನ್ಸರು. ಅದರೊಳಗಿನ ಹರಳು ಅದುರಿದರೆ ಕರೆಂಟು ಹುಟ್ಟುತ್ತದೆ. ಕ್ಯೂರಿ ಸಹೋದರರು 1880ರಲ್ಲಿ ಕಂಡ ಗುಣ ಅದು. ಎಂಜಿನ್ನಿನಲ್ಲಿ ಸದ್ದಿಗೇನು ಬರ? ವಾಲ್ವು ಬಡಿಯುತ್ತದೆ, ಪಿಸ್ಟನ್ನು ಸದ್ದು ಮಾಡುತ್ತದೆ. ಅದಕ್ಕೇ ಇಸಿಯು ಎಲ್ಲ ಹೊತ್ತಿನಲ್ಲೂ ಕಿವಿಗೊಡುವುದಿಲ್ಲ. ಕಿಡಿ ಹಾರಿದ ಮೇಲಿನ ಚಿಕ್ಕದೊಂದು ಅವಧಿಯಲ್ಲಿ, ಅದೂ ಒಂದು ಸ್ಥಾಯಿಯ ಸದ್ದಿಗೆ ಮಾತ್ರ. ನಮ್ಮಮ್ಮನೂ ಹೀಗೆಯೇ. ನಡುಮನೆಯಲ್ಲಿ ರೇಡಿಯೊ ಕಿರಿಚಲಿ, ಅಪ್ಪ ಮಗ ಕಾದಾಡಲಿ, ಕೇಳಿಸದು. ಒಗ್ಗರಣೆ ಸೌಟಿನಲ್ಲಿ ಸಾಸಿವೆ ಸಿಡಿಯುವ ಮೊದಲ 'ಚಟ್' ಮಾತ್ರ ತಪ್ಪುತ್ತಿರಲಿಲ್ಲ. ಕೂಡಲೇ ಉರಿ ಸಣ್ಣ. ಇಸಿಯು ಕೂಡ ನಾಕಿಂಗ್ ಕೇಳಿದ ತಕ್ಷಣ ಕಿಡಿಯನ್ನು ಎರಡು ಮೂರು ಡಿಗ್ರಿ ಹಿಂದಕ್ಕೆ ಎಳೆದು, ಆಮೇಲೆ ಚೂರುಚೂರೇ ಮುಂದಕ್ಕೆ ಬಿಡುತ್ತದೆ. ಹಿಂದೆ ಸರಿಯುವುದು ತಟ್ಟನೆ, ಮುಂದೆ ಬರುವುದು ನಿಧಾನ. ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗ ನಾನಿದನ್ನು ಪ್ರಯೋಗಿಸಿ ನೋಡಿದ್ದೇನೆ, ಫಲವಿದೆ.

ಕಳೆದ ವರ್ಷ ತಂಗಿಯ ಮಗಳ ಮದುವೆ. ಮುಹೂರ್ತ ಒಂಬತ್ತೂಮುಕ್ಕಾಲಿಗೆ, ಛತ್ರ ನಮ್ಮ ಮನೆಯಿಂದ ಹತ್ತು ನಿಮಿಷ. ಅಪ್ಪನಿಗೆ ಈಗ ಎಂಬತ್ತೆರಡು. ಎರಡೂವರೆಗೇ ಎದ್ದಿದ್ದರು. ಗುಂಡಿ ಹಾಕಿಕೊಳ್ಳಲು ಕಾಲು ಗಂಟೆ, ಪಂಚೆ ಉಡಲು ಅರ್ಧ ಗಂಟೆ, ಕನ್ನಡಕ ಹುಡುಕಲು ಇನ್ನಷ್ಟು. "ನಲವತ್ತು ವರ್ಷದ ಹಿಂದೇನೇ ಮೇಸ್ತ್ರಿ ಹೇಳಿದ್ರು, ನಿಮ್ದು ಅಡ್ವಾನ್ಸು ಅಂತ. ಈಗ ಇನ್ನೂ ಹೆಚ್ಚಾಯ್ತು" ಎಂದು ಗೊಣಗಿದೆ. ಅವರು ಮಾತಾಡದೆ ಮೂರನೆಯ ಗುಂಡಿಯನ್ನು ಅದರ ಕಾಜದೊಳಗೆ ಕಳಿಸುವ ಯತ್ನದಲ್ಲಿದ್ದರು.

ಕಾರಿನ ಕೀಲಿ ತಿರುಗಿಸಿದಾಗ ಚಳಿಗೆ ಬ್ಯಾಟರಿ ಒಮ್ಮೆ ನರಳಿ ಎಂಜಿನ್ನು ಹತ್ತಿಕೊಂಡಿತು. ಆಗ ಹೊಳೆಯಿತು, ಮೇಸ್ತ್ರಿ ಇಟ್ಟ ಹೆಸರು ತಪ್ಪು. ಅಪ್ಪನ ಕಿಡಿ ಎಂದೂ ಮುಂಚೆ ಹಾರಿದ್ದಿಲ್ಲ. ರೈಲು ಬಂದಾಗಲೇ ಅವರು ರೈಲು ಹತ್ತುತ್ತಿದ್ದದ್ದು. ಅವರದು ಅಡ್ವಾನ್ಸಲ್ಲ, ಡ್ವೆಲ್ಲು. ಕಿಡಿಯ ಮುಹೂರ್ತಕ್ಕೆ ಇಸಿಯು ಬಳಿ ಒಂದು ಪಂಚಾಂಗವಿರುವಂತೆ ಕಾಯಿಲ್ಲು ತುಂಬಲು ಶುರುಮಾಡುವ ಹೊತ್ತಿಗೆ ಇನ್ನೊಂದಿದೆ. ಬ್ಯಾಟರಿ ಗಟ್ಟಿಯಿದ್ದರೆ ಕಿಡಿಗೆ ಸುಮಾರು 3 ಮಿಲಿಸೆಕೆಂಡು ಮುಂಚೆ ಶುರುಮಾಡಿದರೆ ಸಾಕು. ಸ್ಟಾರ್ಟರು ಜಗ್ಗುವಾಗ ಬ್ಯಾಟರಿ ಒಂಬತ್ತು ಹತ್ತು ವೋಲ್ಟಿಗೆ ಕುಸಿಯಿತೆನ್ನಿ, ಕಾಯಿಲ್ಲು ತುಂಬಲು ಹೆಚ್ಚು ಹೊತ್ತು ಹಿಡಿಯುತ್ತದೆ; ಇಸಿಯು ಅಷ್ಟು ಬೇಗ ಶುರುಮಾಡುತ್ತದೆ. ಬ್ಯಾಟರಿ ಕುಗ್ಗಿದಷ್ಟೂ ತಯಾರಿ ಉದ್ದ. ಕಿಡಿ ಮಾತ್ರ ಅದೇ ಡಿಗ್ರಿಗೆ, ಅಷ್ಟೇ ಗಟ್ಟಿಯಾಗಿ.

ಛತ್ರದಲ್ಲಿ ಅಪ್ಪ ಮೊದಲ ಸಾಲಿನಲ್ಲಿ ಕೂತರು. ಅಕ್ಷತೆ ಹಂಚಿ ಅರ್ಧ ಗಂಟೆಯಾಗಿತ್ತು. ಅವರ ಮುಷ್ಟಿಯಲ್ಲಿ ಅಕ್ಕಿಕಾಳು ಬೆವರಿಗೆ ಅಂಗೈಗೇ ಅಂಟಿತ್ತು. ಪುರೋಹಿತರು ಗಡಿಯಾರ ನೋಡಿದರು. ಅಂತರಪಟ ಇನ್ನೂ ಸರಿದಿರಲಿಲ್ಲ, ಅಪ್ಪ ಆಗಲೇ ಕೈ ಎತ್ತಲು ಶುರುಮಾಡಿದ್ದರು. ನಡುಗುವ ಕೈ, ಮೊಣಕೈ ಮೇಲೇರಿ, ಭುಜಕ್ಕೆ ಬಂದು, ತಲೆಯ ಮಟ್ಟ ಮುಟ್ಟುವ ಹೊತ್ತಿಗೆ ಪುರೋಹಿತರ ಬೆರಳೂ ಮೇಲೆದ್ದಿತು. ಗಟ್ಟಿಮೇಳ, ಗಟ್ಟಿಮೇಳ! ಓಲಗ ಮೊರೆಯಿತು, ತಾಳಿಯ ಗಂಟು ಬಿತ್ತು, ಅಪ್ಪನ ಅಕ್ಷತೆ ಆ ಗಂಟಿನ ಮೇಲೇ ಬಿತ್ತು.

ನಾನು ನನ್ನ ಅಕ್ಷತೆಯನ್ನು ಯಾವ ಜೇಬಿನಲ್ಲಿಟ್ಟೆನೆಂದು ಹುಡುಕುತ್ತಿದ್ದೆ.